ಡಾಕ್ಟರಗ ಸಿಕ್ಕಾ ಯಾಕ ಬೇಕಾಗಿತ್ತು?

ಕಳೆದ ಕಂತಿನಲ್ಲಿ ಗಮನದ ಬಗ್ಗೆ ಬರೆದಿದ್ದೆ. ಈ ಸಲ ನೆನಪಿನ ಸರದಿ. ಪ್ರಥಮ ವರ್ಷದ ಮನಶ್ಶಾಸ್ತ್ರದ ಪುಸ್ತಕಗಳಲ್ಲಿ ನೆನಪಿನ ಅಧ್ಯಾಯ ಎಲ್ಲರಿಗೂ ಇಷ್ಟವಾಗುವಂಥದ್ದು. ಮುಂಬಯಿಯ ಕಾಲೇಜೊಂದರಲ್ಲಿ 26 ವರ್ಷ ಅದನ್ನು ಪಾಠ ಮಾಡಿದ್ದೇನೆ. ಯಾವ ಪ್ರಯೋಗಕ್ಕೆ ಹುಡುಗರು ಕಿವಿ ನಿಮಿರಿಸುತ್ತಾರೆ, ಎಲ್ಲಿ ಆಕಳಿಸುತ್ತಾರೆ ಎಂಬುದೂ ನನಗೆ ಬಾಯಿಪಾಠ. ಇಷ್ಟಾಗಿಯೂ ಆ ಅಧ್ಯಾಯ ನನಗೇ ಪೂರ್ತಿ ಅರ್ಥವಾಗಿರಲಿಲ್ಲ. ಅದು ಗೊತ್ತಾದದ್ದು ಹೋದ ವರ್ಷ ಆಷಾಢದಲ್ಲಿ, ಅವ್ವನನ್ನು ಡಾಕ್ಟರರ ಹತ್ತಿರ ಕರೆದುಕೊಂಡು ಹೋದ ದಿನ.

ಅವ್ವನಿಗೆ ಆಗ 78. ಗದಗ ಜಿಲ್ಲೆಯ ಹಳ್ಳಿಯವಳು. ಆ ಕಾಲದ ಮುಲ್ಕಿ ಪರೀಕ್ಷೆ ಪಾಸಾದವಳು. ಅಪ್ಪ ಊರ ಸೊಸೈಟಿಯಲ್ಲಿ ಸೆಕ್ರೆಟರಿ ಆಗಿದ್ದರು. ಅವರು ತೀರಿಕೊಂಡ ಮೇಲೆ, ನಾಲ್ಕು ವರ್ಷಗಳಿಂದ ಅವ್ವ ಡೊಂಬಿವಲಿಯಲ್ಲಿ ನಮ್ಮ ಜೊತೆ ಇದ್ದಾಳೆ. ಹೇಳಿದ್ದನ್ನೇ ಹೇಳುವುದು, ಕೇಳಿದ್ದನ್ನೇ ಕೇಳುವುದು ಹೋದ ವರ್ಷ ಹೆಚ್ಚಾಯಿತು. ಒಂದು ದಿನ ಹಾಲು ಗ್ಯಾಸಿನ ಮೇಲಿಟ್ಟು ಮರೆತಳು. ಇನ್ನೊಂದು ದಿನ ಕೆಳಗೆ ವಾಕಿಂಗ್ ಹೋದವಳು ಪಕ್ಕದ ವಿಂಗ್‌ನ ಮೂರನೇ ಮಹಡಿಗೆ ಹತ್ತಿ, ಬೇರೆಯವರ ಮನೆಯ ಬೆಲ್ ಒತ್ತಿದಳು. ನಮ್ಮ ಮನೆಯವರು, "ಒಮ್ಮೆ ತೋರಿಸೋಣ" ಎಂದರು.

ಆಸ್ಪತ್ರೆಯಲ್ಲಿ ಡಾಕ್ಟರು ಸಣ್ಣ ವಯಸ್ಸಿನವರು, ಒಳ್ಳೆಯ ಸ್ವಭಾವದವರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. "ಆಂಟಿಗೆ ಹಿಂದಿ ಬರುತ್ತಾ?" ಎಂದು ನನ್ನನ್ನು ಕೇಳಿದರು. "ಹಾಂ, ಸಮಝ್‌ತೀ ಹೈ" ಎಂದೆ ನಾನು. ದಿನಾ ರಾತ್ರಿ ಹಿಂದಿ ಧಾರಾವಾಹಿ ನೋಡುತ್ತಾಳಲ್ಲ! ಆ ಒಂದು ಮಾತನ್ನು ಆಡಿದವಳು ನಾನು. ತಪ್ಪನ್ನು ಡಾಕ್ಟರರ ಮೇಲೆ ಹಾಕುವ ಹಾಗಿಲ್ಲ.

ಪರೀಕ್ಷೆ ಶುರುವಾಯಿತು. ಇವತ್ತು ತಾರೀಖು ಎಷ್ಟು, ಯಾವ ತಿಂಗಳು, ಇದು ಎಷ್ಟನೇ ಮಹಡಿ. ಆಮೇಲೆ ಮೂರು ಪದ: ಸೇಬ್, ಮೇಜ್, ಸಿಕ್ಕಾ. ಹೇಳಿಸಿದರು, ಹೇಳಿದಳು. ನಂತರ ನೂರರಿಂದ ಏಳೇಳು ಕಳೆಯುತ್ತ ಬನ್ನಿ ಅಂದರು. ಅವ್ವ ತುಟಿ ಅಲ್ಲಾಡಿಸುತ್ತ ಕೂತಳು, ಉತ್ತರ ಬರಲಿಲ್ಲ. ಕೆಲವು ನಿಮಿಷ ಬಿಟ್ಟು, ಆಗ ಹೇಳಿದ ಮೂರು ಪದ ಯಾವುವು ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದಳು, ಸೆರಗು ಸರಿಮಾಡಿಕೊಂಡಳು. "ನಹೀ ಮಾಲೂಮ್" ಅಂದಳು. ಡಾಕ್ಟರು ಬರೆದುಕೊಂಡರು. 30ಕ್ಕೆ 16.

ಸಂಜೆ ಚಹಾ ಕುಡಿಯುವಾಗ ಅವ್ವ ಕೇಳಿದಳು: "ಅಲ್ಲ ತಂಗಿ, ಆ ಡಾಕ್ಟರಗ ಸಿಕ್ಕಾ ಯಾಕ ಬೇಕಾಗಿತ್ತು? ನಿಮ್ಮಪ್ಪನ ಸಿಕ್ಕಾ ಅಂತೂ ಸೊಸಾಯಿಟಿಗೇ ವಾಪಸ್ ಕೊಟ್ಟೇವಿ."

ನನ್ನ ಕೈಯಲ್ಲಿದ್ದ ಕಪ್ಪು ಹಾಗೇ ನಿಂತಿತು. ಹಿಂದಿಯಲ್ಲಿ ಸಿಕ್ಕಾ ಎಂದರೆ ನಾಣ್ಯ. ನಮ್ಮ ಕಡೆ ಸಿಕ್ಕಾ ಎಂದರೆ ಮುದ್ರೆ, ಸಹಿ-ಸಿಕ್ಕಾ ಎನ್ನುತ್ತೇವಲ್ಲ, ಅದು. ಅವ್ವ ಆ ಪದವನ್ನು ಮರೆತಿರಲಿಲ್ಲ. ತನಗೆ ಗೊತ್ತಿದ್ದ ಅರ್ಥದಲ್ಲಿ ಅದನ್ನು ಹಿಡಿದು, ಅಪ್ಪನ ಗೋಡೆಗೂಡಿನ ಪಕ್ಕ ಇಟ್ಟು, ಬೆಳಗಿನಿಂದ ಸಂಜೆಯವರೆಗೂ ಕಾಪಾಡಿಕೊಂಡು ಬಂದಿದ್ದಳು. ಏನೋ ಕಾಗದಕ್ಕೆ ಅಪ್ಪನ ಮುದ್ರೆ ಬೇಕಾಗಿದೆ, ಅದು ಈಗ ನಮ್ಮಲ್ಲಿಲ್ಲ, ಹಿಂದಿಯಲ್ಲಿ ಇದನ್ನೆಲ್ಲ ಹೇಗೆ ಹೇಳುವುದು? ಅದಕ್ಕೇ "ನಹೀ ಮಾಲೂಮ್."

ಇನ್ನು ಪಾಠಕ್ಕೆ ಬರೋಣ. ನೆನಪಿಗೆ ಮೂರು ಹಂತ ಎಂದು ಪುಸ್ತಕ ಹೇಳುತ್ತದೆ. ಮೊದಲು ಒಳಗೆ ತೆಗೆದುಕೊಂಡು ದಾಖಲಿಸುವುದು, ಎನ್‌ಕೋಡಿಂಗ್. ಆಮೇಲೆ ಉಳಿಸಿಕೊಳ್ಳುವುದು, ಸ್ಟೋರೇಜ್. ಕೊನೆಗೆ ಬೇಕಾದಾಗ ಹೊರಗೆ ತೆಗೆಯುವುದು, ರಿಟ್ರೀವಲ್. "ಮರೆತೆ" ಎಂಬ ಒಂದೇ ಮಾತಿನಲ್ಲಿ ನಾವು ಈ ಮೂರನ್ನೂ ಕಲಸಿಬಿಡುತ್ತೇವೆ. ಒಳಗೆ ಹೋಗದೇ ಇದ್ದದ್ದು ಒಂದು, ಹೋಗಿ ಉಳಿಯದೇ ಇದ್ದದ್ದು ಇನ್ನೊಂದು, ಉಳಿದಿದ್ದೂ ಕೈಗೆ ಸಿಗದೇ ಇದ್ದದ್ದು ಮತ್ತೊಂದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ ಥರ ಕಾಣುತ್ತವೆ: ಎದುರಿನ ಮನುಷ್ಯ ಸುಮ್ಮನೆ ಕೂತಿರುತ್ತಾನೆ.

ದಾಖಲಾಗುವುದು ಕ್ಯಾಮೆರಾದಲ್ಲಿ ಚಿತ್ರ ಮೂಡಿದ ಹಾಗಲ್ಲ. 1885ರಲ್ಲಿ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ನೆನಪಿನ ಮೇಲಿನ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ತನ್ನ ಮೇಲೇ ಪ್ರಯೋಗ ಮಾಡಿಕೊಂಡಿದ್ದ ಅವನು ಅರ್ಥವಿರುವ ಪದಗಳನ್ನು ಬೇಕೆಂದೇ ಬಿಟ್ಟು, ಅರ್ಥವಿಲ್ಲದ ಉಚ್ಚಾರಗಳನ್ನು ಉರುಹೊಡೆದ. ಯಾಕೆಂದರೆ ಅರ್ಥ ಬಂದ ಕೂಡಲೇ ಹಳೆಯ ನೆನಪುಗಳು ಕೈ ಹಾಕುತ್ತವೆ, ಲೆಕ್ಕ ಕೆಡುತ್ತದೆ. ಅರ್ಥವಿಲ್ಲದ್ದು ಎಷ್ಟು ಬೇಗ ಮರೆಯುತ್ತದೆ ಎಂಬುದನ್ನೂ ಅವನೇ ತೋರಿಸಿದ. ಮೊದಲ ಒಂದು ಗಂಟೆಯಲ್ಲೇ ಬಹುಪಾಲು ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ.

ತೊಂಬತ್ತು ವರ್ಷಗಳ ನಂತರ, 1975ರಲ್ಲಿ, ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟುಲ್ವಿಂಗ್ ಇದರ ಇನ್ನೊಂದು ಮುಖವನ್ನು ತೋರಿಸಿದರು. ಕೆಲವು ಪದಗಳ ಬಗ್ಗೆ, ಇದು ದೊಡ್ಡಕ್ಷರದಲ್ಲಿದೆಯೇ ಎಂದು ಕೇಳಿದರು. ಕೆಲವಕ್ಕೆ, ಇದು ಇಂಥ ಪದಕ್ಕೆ ಪ್ರಾಸವಾಗುತ್ತದೆಯೇ ಎಂದು. ಇನ್ನು ಕೆಲವಕ್ಕೆ, ಈ ವಾಕ್ಯದಲ್ಲಿ ಇದು ಹೊಂದುತ್ತದೆಯೇ ಎಂದು. ಕೊನೆಗೆ ಹೆಚ್ಚು ನೆನಪಿನಲ್ಲಿ ಉಳಿದದ್ದು ಅರ್ಥ ಯೋಚಿಸಿದ ಪದಗಳು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಹಾರಿಹೋಗುತ್ತದೆ, ಅರ್ಥವಾದದ್ದು ಬೇರೂರುತ್ತದೆ.

ಅವ್ವನಿಗೆ ಆ ದಿನ ಆದದ್ದು ಇದೇ. ಸೇಬ್, ಮೇಜ್ ಎರಡೂ ಕಿವಿಯ ಮೇಲೆ ಬಿದ್ದ ಸದ್ದುಗಳು. ಸಿಕ್ಕಾ ಅರ್ಥವಾದ ಪದ, ತಪ್ಪು ಅರ್ಥವೇ ಇರಲಿ. ಧಾರಾವಾಹಿಯಲ್ಲಿ ಅತ್ತೆ ಕೂಗಾಡುವುದು ಮುಖ ನೋಡಿದರೆ ತಿಳಿಯುತ್ತದೆ, ಅದಕ್ಕೆ ಭಾಷೆ ಬೇಕೆಂದೇ ಇಲ್ಲ. ಮುಖವಿಲ್ಲದ, ಕಥೆಯಿಲ್ಲದ ಮೂರು ಬಿಡಿ ಪದ ಹಿಡಿದಿಟ್ಟುಕೊಳ್ಳುವುದು ಬೇರೆಯೇ ಕೆಲಸ.

ಏಳು ಕಳೆಯುವ ಲೆಕ್ಕದ ಕಥೆಯೂ ಹೀಗೆಯೇ. ಒಂದು ಹೊತ್ತಿಗೆ ಮನಸ್ಸು ಕೈಯಲ್ಲಿ ಹಿಡಿದುಕೊಳ್ಳಬಲ್ಲದ್ದು ಸ್ವಲ್ಪ. 1956ರಲ್ಲಿ ಜಾರ್ಜ್ ಮಿಲ್ಲರ್ ಅದನ್ನು ಏಳು, ಎರಡು ಹೆಚ್ಚು ಅಥವಾ ಎರಡು ಕಡಿಮೆ ಎಂದ. ನಂತರದವರು ಇನ್ನೂ ಕಡಿಮೆ ಎನ್ನುತ್ತಾರೆ. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಇದನ್ನು ವರ್ಕಿಂಗ್ ಮೆಮೊರಿ ಎಂದು ವಿವರಿಸಿದರು. ಅದು ಸುಮ್ಮನೆ ಇಡುವ ಜಾಗವಲ್ಲ, ಇಟ್ಟುಕೊಂಡು ಕೆಲಸ ಮಾಡುವ ಜಾಗ, ಅಡುಗೆಮನೆಯ ಕಟ್ಟೆಯ ಹಾಗೆ. ಕಟ್ಟೆ ಸಣ್ಣದು. ಅವ್ವ ನೂರರಲ್ಲಿ ಏಳು ಕಳೆಯುವುದು ಕನ್ನಡದಲ್ಲಿ. ಉತ್ತರ ತೊಂಬತ್ತಮೂರು. ಅದನ್ನು ಹಿಂದಿಗೆ ತಿರುಗಿಸಬೇಕು: ತಿರಾನವೇ. ಮುಂದೆ ಎಂಬತ್ತಾರು, ಹಿಂದಿಯಲ್ಲಿ ಛಿಯಾಸಿ. ಆಮೇಲೆ ಎಪ್ಪತ್ತೊಂಬತ್ತು, ಉನ್ಯಾಸಿ. ನಮ್ಮ ಅಂಕಿಗಳಲ್ಲಿ ಎಪ್ಪತ್ತೂ ಒಂಬತ್ತೂ ಕಣ್ಣಿಗೆ ಕಾಣುತ್ತವೆ. ಹಿಂದಿಯಲ್ಲಿ ಒಂದೊಂದನ್ನೂ ಬಾಯಿಪಾಠ ಮಾಡಿರಬೇಕು. ಮೂವತ್ತೈದು ವರ್ಷ ಮುಂಬಯಿಯಲ್ಲಿದ್ದು, ತರಕಾರಿಯವನು "ಉನ್ಯಾಸಿ" ಅಂದರೆ ನಾನೇ ಒಂದು ಗಳಿಗೆ ನಿಲ್ಲುತ್ತೇನೆ. ಕಳೆಯುವುದರ ಜೊತೆ ಅನುವಾದವೂ ಆ ಸಣ್ಣ ಕಟ್ಟೆಯ ಮೇಲೇ ನಡೆಯಬೇಕು ಎಂದರೆ, ಕಳೆದ ಅಂಕಿ ಕೆಳಗೆ ಬೀಳದೆ ಇರುತ್ತದೆಯೇ?

ಇಷ್ಟೆಲ್ಲ ಗೊತ್ತಿದ್ದೂ ನಾನು ಏನು ಮಾಡಿದೆ? ಮೂರು ವಾರ ಏನೂ ಮಾಡಲಿಲ್ಲ. ಸಿಕ್ಕಾದ ಮಾತು ಮನಸ್ಸಿನಲ್ಲಿ ಕೊರೆಯುತ್ತಿತ್ತು, ಆದರೆ 16 ಎಂಬ ಅಂಕಿ ಕಾಗದದ ಮೇಲಿತ್ತು. ಕಾಗದದ ಮೇಲಿನದ್ದು ಗೆಲ್ಲುತ್ತದೆ. ಮಗ ಗ್ಯಾಸ್ ಲೈಟರನ್ನು ಮೇಲಿನ ಕಪಾಟಿನಲ್ಲಿ ಇಟ್ಟ. ಮಗಳು ಅಜ್ಜಿಯ ಹತ್ತಿರ ಬಾಗಿಲ ಕೀಲಿ ಬೇಡ ಎಂದಳು. ಹುಬ್ಬಳ್ಳಿಯಿಂದ ತಮ್ಮ ಫೋನ್ ಮಾಡಿ, ಅವ್ವನಿಗೆ ಕೇಳಬೇಕಾದ್ದನ್ನೆಲ್ಲ ನನ್ನನ್ನೇ ಕೇಳತೊಡಗಿದ: "ಅವ್ವ ಊಟಾ ಮಾಡ್ಯಾಳೇನಕ್ಕ? ನಿದ್ದಿ ಆತೇನು?" ಅವ್ವ ಪಕ್ಕದಲ್ಲೇ ಕೂತಿರುತ್ತಿದ್ದಳು. ಹುಣಸೆಹಣ್ಣು ಬಿಡಿಸಲಿಕ್ಕೂ ಅವಳಿಗೆ ಕೊಡದೆ ನಾನೇ ಬಿಡಿಸಿದೆ. ಮೂರು ವಾರದಲ್ಲಿ ಅವ್ವ ಮಾತು ಕಡಿಮೆ ಮಾಡಿದಳು. ಮಾತು ಕಡಿಮೆಯಾದದ್ದನ್ನೂ ನಾವು ಕಾಯಿಲೆಯ ಲೆಕ್ಕಕ್ಕೇ ಬರೆದೆವು.

ಒಂದು ಭಾನುವಾರ ಮಗಳು ಅಜ್ಜಿಯನ್ನು ಮಾತಾಡಿಸಲು ನೋಡಿದಳು. ನಮ್ಮ ಮಕ್ಕಳ ಭಾಷೆ ನಿಮಗೆ ಗೊತ್ತಲ್ಲ, ಅರ್ಧ ಹಿಂದಿ, ಕಾಲು ಇಂಗ್ಲಿಷ್, ಉಳಿದದ್ದು ಕನ್ನಡ. "ಅಜ್ಜಿ, ಸ್ಕೂಲ್ ಮೇ ಕ್ಯಾ ಪಢತೇ ಥೇ?" ಅವ್ವ, "ಏನಿಲ್ಲವಾ" ಎಂದು ಕಿಟಕಿ ಕಡೆ ನೋಡಿದಳು. ನಾನು ಒಳಗಿನಿಂದ, "ಯವ್ವಾ, ಸಾಲ್ಯಾಗ ಪಾಟಿ ಹೆಂಗ ಒರಸತಿದ್ರಿ?" ಎಂದು ಸುಮ್ಮನೆ ಕೇಳಿದೆ. ಬಂತು ನೋಡಿ. ಪಾಟಿ ಒರೆಸುವ ಎಲೆ, ಆ ಎಲೆ ಕಿತ್ತದ್ದಕ್ಕೆ ಬೈದ ಗೌಡರ ಮನೆಯ ಮುದುಕಿ, ಮಾಸ್ತರರ ಕರೀ ಟೊಪ್ಪಿಗೆ, ಮುಲ್ಕಿ ಪರೀಕ್ಷೆಗೆ ಚಕ್ಕಡಿಯಲ್ಲಿ ಹೋದದ್ದು, ದಾರಿಯಲ್ಲಿ ಬುತ್ತಿ ಬಿಚ್ಚಿದ್ದು. ಇಪ್ಪತ್ತು ನಿಮಿಷ. ಮಗಳು ಬಾಯಿ ತೆರೆದು ಕೂತಳು.

ಇದಕ್ಕೂ ಪುಸ್ತಕದಲ್ಲಿ ಹೆಸರಿದೆ, ಸುಳಿವು. 1973ರಲ್ಲಿ ಟುಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ ಹೇಳಿದ್ದೇನೆಂದರೆ, ನೆನಪು ಒಳಗೆ ಹೋಗುವಾಗ ಅದರ ಜೊತೆ ಏನೇನು ಹೋಗಿರುತ್ತದೋ ಅದೇ ಮುಂದೆ ಅದನ್ನು ಹೊರಗೆ ತರುವ ಸುಳಿವಾಗುತ್ತದೆ. ಇದಕ್ಕೆ ಎಲ್ಲ ಪುಸ್ತಕಗಳೂ ಕೊಡುವ ಉದಾಹರಣೆ 1975ರದ್ದು. ಸ್ಕಾಟ್ಲೆಂಡಿನ ಓಬಾನ್ ಹತ್ತಿರ ಡಂಕನ್ ಗಾಡೆನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ ಕೆಲವು ಪದಗಳ ಪಟ್ಟಿಯನ್ನು ನೀರಿನ ಕೆಳಗೆ, ಕೆಲವನ್ನು ದಡದ ಮೇಲೆ ಕಲಿಸಿದರು. ನೀರಿನಲ್ಲಿ ಕಲಿತದ್ದು ನೀರಿನಲ್ಲಿ, ದಡದಲ್ಲಿ ಕಲಿತದ್ದು ದಡದಲ್ಲಿ ಹೆಚ್ಚು ನೆನಪಾಯಿತು. 2021ರಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ ನೋಡಿದಾಗ ಅಂಥ ಫಲ ಸಿಗಲಿಲ್ಲ, ಅದನ್ನೂ ಹೇಳಬೇಕು. ಹಾಗಾಗಿ ನಾನು ಈಗ ಹೆಚ್ಚು ನೆಚ್ಚುವುದು ಇನ್ನೊಂದು ಅಧ್ಯಯನವನ್ನು. ನಮ್ಮಂಥ ವಲಸಿಗರಿಗೆ ಅದು ಇನ್ನೂ ಹತ್ತಿರದ್ದು.

2000ದಲ್ಲಿ ವಿಯೋರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್, ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲ, ಎಳೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ವಲಸೆ ಬಂದ ವಿದ್ಯಾರ್ಥಿಗಳ ಮೇಲಿನ ಅಧ್ಯಯನ ಪ್ರಕಟಿಸಿದರು. ಅವರನ್ನು ಎರಡೂ ಭಾಷೆಗಳಲ್ಲಿ ಸಂದರ್ಶಿಸಿ, ಒಂದೊಂದು ಪದ ಕೊಟ್ಟು ಜೀವನದ ಘಟನೆ ನೆನಪಿಸಿಕೊಳ್ಳಲು ಹೇಳಿದರು. ರಷ್ಯನ್ನಿನಲ್ಲಿ ಮಾತಾಡಿದಾಗ ರಷ್ಯನ್ ಭಾಷೆಯಲ್ಲಿ ನಡೆದಿದ್ದ ಘಟನೆಗಳು ಹೆಚ್ಚು ಬಂದವು, ಇಂಗ್ಲಿಷಿನಲ್ಲಿ ಮಾತಾಡಿದಾಗ ಇಂಗ್ಲಿಷಿನಲ್ಲಿ ನಡೆದಿದ್ದವು. ತಲೆ ಅದೇ, ಬದುಕೂ ಅದೇ. ಬಾಗಿಲು ಮಾತ್ರ ಎರಡು. ಅವ್ವನ ಎಪ್ಪತ್ತನಾಲ್ಕು ವರ್ಷ ನಡೆದದ್ದು ಕನ್ನಡದಲ್ಲಿ. ಆ ಬಾಗಿಲು ಬಿಟ್ಟು ನಾವು ಬೇರೆ ಬಾಗಿಲು ತಟ್ಟಿ, ಒಳಗೆ ಯಾರೂ ಇಲ್ಲ ಎಂದು ಬರೆದುಕೊಂಡು ಬಂದಿದ್ದೆವು.

ಮರುದಿನವೇ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ಪುಣೆಯಲ್ಲಿರುವ, ವಿಜಯಪುರದ ಕಡೆಯ ಒಬ್ಬ ಮನಶ್ಶಾಸ್ತ್ರಜ್ಞೆಯ ವಿಳಾಸ ಕೊಟ್ಟಳು. ಶ್ರಾವಣದಲ್ಲಿ, ಪಂಚಮಿ ಮುಗಿಸಿಕೊಂಡು ಹೋದೆವು. ಆಕೆ ಮೊದಲು ಪರೀಕ್ಷೆಯ ಮಾತನ್ನೇ ಎತ್ತಲಿಲ್ಲ. "ಬರ್ರಿ ಅವ್ವಾರ, ಚಹಾ ತಗೋತೀರೇನು? ಉಂಡಿ ಏನೇನು ಮಾಡಿದ್ರಿ ಪಂಚಮಿಗೆ?" ಎಂದು ಶುರುಮಾಡಿದರು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಎಂದು ಅವ್ವ ಎಣಿಸಿದಳು. ಮಾತಿನ ನಡುವೆ, "ಇವತ್ತ ಯಾವ ದಿನರಿ?" ಎಂದು ಕೇಳಿದರು. ಅವ್ವ ಬೆರಳು ಮಡಚಿ, "ಪಂಚಮಿ ಆಗಿ ನಾಕ ದಿನಾ ಆತು. ಇವತ್ತ ನವಮಿ" ಎಂದಳು. ಸರಿಯಾಗಿತ್ತು. ತಾರೀಖು ಗೊತ್ತಿಲ್ಲದವಳಿಗೆ ತಿಥಿ ಗೊತ್ತಿತ್ತು.

ಈ ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಸಂತೋಷವಾಗುತ್ತಿತ್ತು. ಮುಗಿಯಲಿಲ್ಲ. ಇಸವಿ ಯಾವುದು ಎಂದರೆ ಕನ್ನಡದಲ್ಲಿಯೂ ಹೇಳಲಾಗಲಿಲ್ಲ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಎಂದು ಸರಸರ ಇಳಿದವಳು ನಿಂತು, "ಎಷ್ಟೆಷ್ಟ ಕಳೀಬೇಕಿತ್ತು?" ಎಂದಳು. ಈ ಸಲದ ಮೂರು ಪದ ಬೇರೆ: ಎತ್ತು, ಬುಟ್ಟಿ, ನಿಂಬಿಹಣ್ಣು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಾಗ ಎತ್ತು ತಾನಾಗಿಯೇ ಬಂತು. "ಒಂದು ಹಣ್ಣು" ಎಂದು ಸುಳಿವು ಕೊಟ್ಟಾಗ ನಿಂಬಿಹಣ್ಣು ಬಂತು. ಬುಟ್ಟಿ ಮಾತ್ರ ಯಾವ ಸುಳಿವಿಗೂ ಬರಲಿಲ್ಲ. ಆಕೆ ನನಗೆ ಆಮೇಲೆ ವಿವರಿಸಿದರು, ನಾನೂ ಒಂದು ಕಾಲಕ್ಕೆ ಇದನ್ನೇ ಹಲಗೆಯ ಮೇಲೆ ಬರೆದವಳು. ಸುಳಿವಿಗೆ ಬಂದರೆ ನೆನಪು ಒಳಗಿದೆ, ತೆಗೆಯುವುದು ಕಷ್ಟವಾಗಿದೆ ಎಂದರ್ಥ. ಸುಳಿವಿಗೂ ಬಾರದೆ ಹೋದರೆ ಅದು ಒಳಗೆ ಉಳಿದೇ ಇಲ್ಲ ಎಂಬ ಸಂಶಯ ಏಳುತ್ತದೆ. ಅಲ್‌ಝೈಮರ್ ಕಾಯಿಲೆಯ ಮೊದಲ ದಿನಗಳಲ್ಲಿ ಹೆಚ್ಚು ಕಾಣುವುದು ಈ ಎರಡನೆಯದು.

ಅಂಕ 30ಕ್ಕೆ 23 ಬಂತು. ಸಾಮಾನ್ಯವಾಗಿ 24ಕ್ಕಿಂತ ಕಡಿಮೆ ಬಂದರೆ ಹೆಚ್ಚಿನ ತಪಾಸಣೆ ಮಾಡುತ್ತಾರೆ. ಶಾಲೆ ಕಡಿಮೆ ಓದಿದವರಿಗೆ ಅಂಕ ಕಡಿಮೆಯೇ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಎರಡನೇ ಸಲ ಪರೀಕ್ಷೆಗೆ ಕೂತರೆ ಅಷ್ಟಿಷ್ಟು ರೂಢಿಯಿಂದಲೂ ಅಂಕ ಏರುತ್ತದೆ, ಆದ್ದರಿಂದ ಆ ಏಳು ಅಂಕವನ್ನೂ ಕನ್ನಡವೇ ತಂದಿತು ಎಂದು ನಾನು ಹೇಳಲಾರೆ. ರಕ್ತ ಪರೀಕ್ಷೆಯಲ್ಲಿ ಬಿ12 ತೀರ ಕಡಿಮೆ ಇತ್ತು, ಬಲಗಿವಿ ಮಂದವಾಗಿತ್ತು. ಇವೆರಡೂ ನೆನಪನ್ನು ಕೆಡಿಸಬಲ್ಲವು, ಎರಡಕ್ಕೂ ಉಪಾಯವಿದೆ. ಅದರ ಆಚೆಗೂ ಸ್ವಲ್ಪ ಉಳಿಯಿತು. "ಶುರುವಾಗಿದೆ, ಆದರೆ ಸೌಮ್ಯವಾಗಿದೆ" ಎಂದರು. ಹಿಂದಿಯಲ್ಲಿ 16 ಬಂದಾಗ ನಾವು ಅಂದುಕೊಂಡದ್ದು ಬೇರೆ ಹೆಂಗಸನ್ನು. 23ರ ಅವ್ವ ಲೈಟರ್ ಹಿಡಿಯಬಲ್ಲಳು, ಪಕ್ಕದಲ್ಲಿ ಒಬ್ಬರು ನಿಂತಿದ್ದರೆ ಸಾಕು.

ಮನೆಗೆ ಬಂದ ಮೇಲೆ ಪರಾತ ತೆಗೆದುಕೊಟ್ಟೆ. ಎಸರು ಕಾಯಿಸಿ ಹಿಟ್ಟಿಗೆ ಹಾಕಿ, ನಾದಿ, ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ ತಿರುವಿದಳು. ಒಂದೂ ಹರಿಯಲಿಲ್ಲ. ಆರು ರೊಟ್ಟಿ ಆದ ಮೇಲೆ ಕೈ ತೊಳೆದುಕೊಂಡು ಬಂದು, "ರೊಟ್ಟಿ ಮಾಡಲೇನು?" ಎಂದು ಕೇಳಿದಳು.

ಈ ಮಾತನ್ನು ಕೇಳಿ ಅಳು ಬಂತು, ಜೊತೆಗೆ ಹೆನ್ರಿ ಮೊಲೈಸನ್ ನೆನಪಾದ. ಬಹಳ ವರ್ಷ ಎಚ್.ಎಂ. ಎಂಬ ಎರಡು ಅಕ್ಷರಗಳಿಂದ ಮಾತ್ರ ಪುಸ್ತಕಗಳಲ್ಲಿದ್ದವನು, 2008ರಲ್ಲಿ ಸತ್ತ ಮೇಲೆ ಅವನ ಹೆಸರು ಲೋಕಕ್ಕೆ ತಿಳಿಯಿತು. ಮೂರ್ಛೆರೋಗ ತಡೆಯಲು 1953ರಲ್ಲಿ, ಅವನ 27ನೇ ವಯಸ್ಸಿನಲ್ಲಿ, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಬದಿಯಿಂದ, ಹಿಪ್ಪೊಕ್ಯಾಂಪಸ್ಸಿನ ಬಹುಭಾಗ ಸೇರಿದಂತೆ ಒಂದು ಭಾಗವನ್ನು ತೆಗೆದರು. ಅಲ್ಲಿಂದ ಮುಂದೆ ಅವನಿಗೆ ಹೊಸದೇನೂ ನೆನಪಿನಲ್ಲಿ ನಿಲ್ಲದಾಯಿತು. ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟರು. ದಿನದಿಂದ ದಿನಕ್ಕೆ ಅವನ ಕೈ ಪಳಗಿತು. ಆದರೆ ಹಿಂದೆ ಅದನ್ನು ಮಾಡಿದ್ದೇನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ನೆನಪು ಒಂದಲ್ಲ, ಹಲವು ಎಂಬುದನ್ನು ಮನಶ್ಶಾಸ್ತ್ರ ಕಲಿತದ್ದು ಮುಖ್ಯವಾಗಿ ಅವನಿಂದ. ಕೈಯ ನೆನಪು ಬೇರೆ: ರೊಟ್ಟಿ ಬಡಿಯುವುದು, ಸೈಕಲ್ ಹೊಡೆಯುವುದು. ತಿಳಿವಳಿಕೆಯ ನೆನಪು ಬೇರೆ: ನವಮಿಯ ಮುಂದೆ ದಶಮಿ, ಯಾರು ಯಾರ ಮಗಳು. ನಡೆದ ಘಟನೆಯ ನೆನಪು ಬೇರೆ: ಈಗ ರೊಟ್ಟಿ ಮಾಡಿದೆ ಎಂಬುದು. ಅವ್ವನಲ್ಲಿ ತೆಳುವಾಗುತ್ತಿರುವುದು ಈ ಮೂರನೆಯದು, ಅದರಲ್ಲೂ ಹೊಸದು. ಉಳಿದೆರಡು ಗಟ್ಟಿಯಾಗಿವೆ. "ಅವ್ವನಿಗೆ ಏನೂ ನೆನಪಿಲ್ಲ" ಎಂದು ತಮ್ಮ ಫೋನಿನಲ್ಲಿ ಹೇಳುತ್ತಿದ್ದನಲ್ಲ, ಅವನಿಗೆ ಇದನ್ನು ಒಂದು ಗಂಟೆ ವಿವರಿಸಿದೆ. ಈಗ ಅವನು ಫೋನ್ ಮಾಡಿದರೆ ಮೊದಲು ಅವ್ವನಿಗೇ ಕೊಡು ಎನ್ನುತ್ತಾನೆ. ಹೊಲದ ಬದುವಿನ ತಕರಾರು, ಬಾವಿಯ ಪಾಲು, ಹಳೆಯ ಲೆಕ್ಕ ಎಲ್ಲ ಅವಳನ್ನೇ ಕೇಳುತ್ತಾನೆ. ಅವಳು ಹೇಳಿದ್ದು ಕಾಗದಪತ್ರಕ್ಕೆ ತಾಳೆಯಾಗುತ್ತಿದೆ.

ಈ ಕಂತನ್ನು ಬರೆಯಲು ಕಾರಣ ನಮ್ಮ ಮನೆಯೊಂದೇ ಅಲ್ಲ. ನಮ್ಮ ತಲೆಮಾರು ಚೆನ್ನೈ, ಹೈದರಾಬಾದ್, ದೆಹಲಿ, ಪುಣೆ ಎಂದು ಹೊರಟು ನೆಲೆನಿಂತಿತು. ಈಗ ಊರಿನಲ್ಲಿ ಒಂಟಿಯಾದ ಅಪ್ಪ ಅಮ್ಮಂದಿರನ್ನು ಇಲ್ಲಿಗೆ ಕರೆತರುತ್ತಿದ್ದೇವೆ. ಅವರನ್ನು ಆಸ್ಪತ್ರೆಗೆ ಕರೆದೊಯ್ಯುವವರೂ, "ಹಿಂದಿ ಬರುತ್ತೆ", "ತಮಿಳು ಅರ್ಥ ಆಗುತ್ತೆ" ಎಂದು ಡಾಕ್ಟರರಿಗೆ ಹೇಳುವವರೂ ನಾವೇ. ಆದ್ದರಿಂದ ಕೆಲವು ಮಾತು.

ನೆನಪಿನ ಪರೀಕ್ಷೆ ಕನ್ನಡದಲ್ಲಿ ಆಗಲಿ ಎಂದು ಕೇಳಿ, ಸಂಕೋಚ ಬೇಡ. ಇದು ಅಭಿಮಾನದ ಪ್ರಶ್ನೆಯಲ್ಲ, ಅಳತೆಯ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದಕ್ಕೆಂದೇ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛ ಹಿಂದಿ, ಬಂಗಾಳಿ, ತೆಲುಗು, ಮಲಯಾಳಂ ಜೊತೆಗೆ ಕನ್ನಡದಲ್ಲೂ ಇದೆ. ಪರೀಕ್ಷೆ ಎಂದರೆ ಬರೀ ಅನುವಾದವಲ್ಲ, ಪದಗಳು ಆ ಭಾಷೆಯವರಿಗೆ ಎಷ್ಟು ಬಳಕೆಯವು ಎಂಬುದನ್ನೂ ನೋಡಿ ಮಾಡಿರಬೇಕು. ಹಾಗಾಗಿ ನೀವೇ ಅಲ್ಲಿ ಕೂತು ಸಾಲುಸಾಲು ಅನುವಾದ ಮಾಡುವುದಕ್ಕಿಂತ, ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರನ್ನು ಹುಡುಕುವುದು ಮೇಲು. ಯಾರೂ ಸಿಗದೆ ಹೋದರೆ, ಪರೀಕ್ಷೆ ಬೇರೆ ಭಾಷೆಯಲ್ಲಿ ಆಯಿತು ಎಂದು ವರದಿಯಲ್ಲಿ ಬರೆಯಲು ಹೇಳಿ. ಕಿವಿ, ಕನ್ನಡಕ, ಬಿ12, ಥೈರಾಯ್ಡ್, ಮನಸ್ಸಿನ ಖಿನ್ನತೆ, ಇವನ್ನು ನೋಡದೆ ಮರೆವಿನ ಕಾಯಿಲೆ ಎಂದು ತೀರ್ಮಾನಿಸಬಾರದು.

ಹಾಗೆಂದು, ನಮ್ಮ ಭಾಷೆ ಕೇಳಿದರೆ ಎಲ್ಲ ಸರಿಹೋಗುತ್ತದೆ ಎಂದು ಮನೆಯಲ್ಲೇ ಕೂರಬೇಡಿ. ಗೊತ್ತಿರುವ ದಾರಿ ತಪ್ಪುವುದು, ದುಡ್ಡಿನ ಲೆಕ್ಕ ಕೆಡುವುದು, ಒಂದೇ ಪ್ರಶ್ನೆ ಹತ್ತು ನಿಮಿಷಕ್ಕೊಮ್ಮೆ ಬರುವುದು, ಇವು ಕನ್ನಡದಲ್ಲಿ ನಡೆದರೂ ಕಾಯಿಲೆಯ ಲಕ್ಷಣಗಳೇ. ಆ ವಿಂಗ್‌ನ ಮೂರನೇ ಮಹಡಿಯನ್ನು ನಾವು ಕಡೆಗಣಿಸಿದ್ದರೆ ಅವ್ವನಿಗೆ ಬಿ12 ಸಿಗುತ್ತಿರಲಿಲ್ಲ.

ಮತ್ತೊಂದು ವಿಷಯ, ಇದು ನಮಗಾಗಿ. 2013ರಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಡಿಮೆನ್ಶಿಯಾ ಇದ್ದ 648 ಜನರ ದಾಖಲೆ ನೋಡಿದರು. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ, ಒಂದೇ ಭಾಷೆಯವರಿಗಿಂತ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸವಿತ್ತು. ಭಾಷೆಯೇ ಇದಕ್ಕೆ ಕಾರಣ ಎಂದು ಇಂಥ ಒಂದು ಅಧ್ಯಯನದಿಂದ ಸಾಧಿಸಲಾಗದು, ಆದರೂ ಮಕ್ಕಳಿಗೆ ಕನ್ನಡ ಯಾಕೆ ಎಂದು ಕೇಳುವವರಿಗೆ ಹೇಳಲು ಇದೂ ಒಂದು ಮಾತು.

ಮನೆಯಲ್ಲಿ ನಾವು ಬದಲಿಸಿಕೊಂಡದ್ದು ಸಣ್ಣಪುಟ್ಟದ್ದು. "ನೆನಪೈತೇನು?" ಎಂದು ಅವ್ವನನ್ನು ಪರೀಕ್ಷೆ ಮಾಡುವುದನ್ನು ಬಿಟ್ಟಿದ್ದೇವೆ. ಉತ್ತರ ಬಾರದಿದ್ದರೆ ಕಾಯುತ್ತೇವೆ, ಆಮೇಲೆ ಒಂದು ಸುಳಿವು ಕೊಡುತ್ತೇವೆ. ಗೋಡೆಯ ಮೇಲೆ ಇಂಗ್ಲಿಷ್ ಕ್ಯಾಲೆಂಡರ್ ತೆಗೆದು, ತಿಥಿ ಇರುವ ಕನ್ನಡ ಕ್ಯಾಲೆಂಡರ್ ಹಾಕಿದ್ದೇವೆ. ಆದ ಕೆಲಸದ ಮುಂದೆ ಅವ್ವ ತಾನೇ ಪೆನ್ಸಿಲಿನಿಂದ ಗೆರೆ ಎಳೆಯುತ್ತಾಳೆ: ಗುಳಿಗೆ, ಹಾಲು, ರೊಟ್ಟಿ. ಮಗಳು ಅಜ್ಜಿಯ ಜೊತೆ ಕನ್ನಡದಲ್ಲೇ ಮಾತಾಡಲು ಹೆಣಗುತ್ತಾಳೆ. ಅವಳು "ಅಜ್ಜಿ, ನೀವು ಊಟ ತಿಂದಿರಾ?" ಎಂದರೆ, ಊಟ ತಿನ್ನೋದಲ್ಲ, ಮಾಡೋದು ಎಂದು ಅವ್ವ ತಿದ್ದುತ್ತಾಳೆ. ಒಂದೇ ತಪ್ಪನ್ನು ಎಷ್ಟು ಸಲ ತಿದ್ದಿದರೂ ಅವಳಿಗೆ ಬೇಸರವಿಲ್ಲ, ಮೊದಲು ತಿದ್ದಿದ್ದು ನೆನಪಿರುವುದಿಲ್ಲವಲ್ಲ.

ಮೊನ್ನೆ ಹಳೆಯ ಟ್ರಂಕ್ ತೆಗೆದಾಗ ಅಪ್ಪನ ಕಾಲದ ಸೊಸೈಟಿಯ ಒಂದು ರಸೀದಿ ಸಿಕ್ಕಿತು. ಮೂಲೆಯಲ್ಲಿ ನೀಲಿ ಮಸಿಯ ಮುದ್ರೆ. ಅವ್ವನ ಕೈಗೆ ಕೊಟ್ಟೆ. ಬೆರಳಿನಿಂದ ಸವರಿ, "ಸಿಕ್ಕಾ" ಎಂದಳು. "ಆ ಡಾಕ್ಟರಗ ಇದನ್ನ ತೋರಸು, ನಡೀತದೇನೋ ಕೇಳು." ಒಂದು ವರ್ಷವಾಗಿತ್ತು. ರಸೀದಿಯನ್ನು ಮಡಿಸಿ ಅವ್ವನ ಫೈಲಿನಲ್ಲಿ, ಆ ಮೊದಲ ವರದಿಯ ಜೊತೆಗೇ ಇಟ್ಟಿದ್ದೇನೆ.

ಮುಂದಿನ ಕಂತಿನಲ್ಲಿ ಮರೆಯುವುದರ ಪ್ರಯೋಜನದ ಬಗ್ಗೆ ನೋಡೋಣ.